ಎರಡು ಇಂಚಿಗೆ ಕಮಾನು, ಉಳಿದದ್ದಕ್ಕೆ ಚಪ್ಪಡಿ

ವ್ಯಾನನ್ನು ಎರಡು ಇಂಚು ಎತ್ತರಿಸಲು ನನಗೆ ಆರು ಸಾವಿರ ರೂಪಾಯಿಯ ಮೇಲೆ ಬಿತ್ತು. ಎರಡು ಇಂಚಿಗೆ ಆರು ಸಾವಿರವೇ ಎಂದು ಯಾರಾದರೂ ಬಾಯಿ ಬಿಟ್ಟರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ತೊಂಬತ್ತರ ದಶಕದ ನಡುಭಾಗದಲ್ಲಿ ಆ ದುಡ್ಡಿಗೆ ಕರೆಯುವ ಹಸುವೇ ಬರುತ್ತಿತ್ತು. ಸರಿಯಾದ ಕೆಲಸಕ್ಕೆ ಹಿಡಿದದ್ದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಮೊದಲು ನಾಲ್ಕೂವರೆ ಇಂಚು ಎತ್ತಿ, ಆಮೇಲೆ ಆ ನಾಲ್ಕೂವರೆಯನ್ನು ಇಳಿಸಿದ್ದಕ್ಕೆ. ಓದಿದವರಿಗೆ ಆ ಎರಡನೇ ಬಾಬತ್ತು ಉಳಿದರೆ ಸಾಕೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಹಳೆಯ ಡೀಸೆಲ್ ವ್ಯಾನು. ಎಂಜಿನ್ನಿನ ಬಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹಿಂದೆ ಮುಂದೆ ಎರಡೂ ಕಡೆ ಕಮಾನು, ಅಂದರೆ ಬಾಗಿದ ಉಕ್ಕಿನ ಪಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದ ಕಟ್ಟು. ಆಗ ಪಾಂಡವಪುರದಲ್ಲಿ ಒಂದು ಧರ್ಮಸಂಸ್ಥೆಯವರು ಕಣ್ಣಿನ ಪೊರೆ ತೆಗೆಸುವ ಶಿಬಿರ ನಡೆಸುತ್ತಿದ್ದರು. ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹಳ್ಳಿಗಳಿಂದ ಜನರನ್ನು ಕರೆತರುವುದು, ಆಪರೇಷನ್ ಆದ ಮೇಲೆ ಮನೆಗೆ ಬಿಡುವುದು ನನ್ನ ಕೆಲಸ. ಓಡಿಸುತ್ತಿದ್ದವನು ನನ್ನ ಬಾಮೈದ, ಪಾಲಹಳ್ಳಿಯವನು. ಕೈ ಒಳ್ಳೆಯದು, ಕಾಲು ಮಾತ್ರ ಸ್ವಲ್ಪ ಭಾರ.

ನಾಗಮಂಗಲದ ಕಡೆ ದಾರಿ ಒಣಗಿದ್ದು, ಕಲ್ಲಿನದು. ನಿಧಾನ ಹೋದರೆ ಹೋಗಬಹುದು. ತೊಂದರೆ ಇದ್ದದ್ದು ಕಿಕ್ಕೇರಿಯಿಂದ ಒಳಗಿನ ಒಂದು ಊರಿಗೆ. ಅಲ್ಲಿ ದಾರಿ ನಾಲೆಯ ಬಯಲಿನಲ್ಲಿ ಹಾದುಹೋಗುತ್ತದೆ. ಆ ಕಡೆ ರೈತರದ್ದು ಒಂದು ಪದ್ಧತಿ. ತೂಬು ದಾರಿಯ ಈಚೆಗೂ ಗದ್ದೆ ಆಚೆಗೂ ಇದ್ದರೆ, ಸರದಿ ನೀರು ಬಂದ ದಿನ ದಾರಿಯನ್ನೇ ಅಡ್ಡಕ್ಕೆ ಕಡಿದು ನೀರು ದಾಟಿಸುತ್ತಾರೆ. ಸರದಿ ಮುಗಿದ ಮೇಲೆ ಆ ಕಡಿತಕ್ಕೆ ಕಬ್ಬಿನ ತರಗು ತುಂಬಿ, ಮೇಲೆ ಎರಡು ಗುದ್ದಲಿ ಮಣ್ಣು ಎಳೆಯುತ್ತಾರೆ. ಎತ್ತಿನ ಗಾಡಿಗೆ, ಟ್ರಾಕ್ಟರಿಗೆ ಅದೊಂದು ಲೆಕ್ಕವಲ್ಲ. ವ್ಯಾನಿನ ಮುಂಚಕ್ರ ಇಳಿಯಿತೋ, ತರಗು ಕುಸಿದು ಗಾಡಿಯ ಹೊಟ್ಟೆ ನೆಲಕ್ಕೆ ಕೂರುತ್ತದೆ.

ತಪಾಸಣೆಗೆ ಜನರನ್ನು ತರಲು ಹೋದ ದಿನವೇ ಕೂತಿತು. ಹತ್ತಿದ್ದವರೆಲ್ಲ ಒಬ್ಬರ ಭುಜ ಒಬ್ಬರು ಹಿಡಿದು ಇಳಿದರು. ಒಬ್ಬ ಹೆಂಗಸು ಮಾತ್ರ ಕಡೇ ಸೀಟು ಬಿಟ್ಟು ಏಳಲಿಲ್ಲ. ಐವತ್ತೈದರ ಮೇಲಿನ ವಯಸ್ಸು. ಊರ ಬಾಗಿಲಲ್ಲಿ ಇಡ್ಲಿ ಅಂಗಡಿ ಇಟ್ಟಿದ್ದಳು, ಎಲ್ಲರೂ ಇಡ್ಲಿಯಮ್ಮ ಎನ್ನುತ್ತಿದ್ದರು. ಒಂದು ಕಣ್ಣು ಚಿಕ್ಕಂದಿನಲ್ಲೇ ಸಿಡುಬಿನಿಂದ ಹೋಗಿತ್ತು. ಉಳಿದ ಒಂದಕ್ಕೆ ಈಗ ಪೊರೆ. ಇಡ್ಲಿ ಪಾತ್ರೆಯ ಹಬೆಗೆ ಕೈಕೊಟ್ಟು ಸುಟ್ಟುಕೊಂಡ ಗುರುತು ಮುಂಗೈ ತುಂಬ ಇತ್ತು.

"ಅವ್ವಾ, ಇಳ್ಕಳಿ. ಗಾಡಿ ಅಗುರಾಯ್ತದೆ" ಎಂದ ಬಾಮೈದ.

"ನಾನಿಳುದ್ರೆ ಅಗುರಾಯ್ತದಾ? ನಿನ್ ದನಿ ಕೇಳುದ್ರೆ ನೀನೇ ನಾಕು ಪಲ್ಲ ತೂಗ್ತೀಯ. ನೀನಿಳಿ."

"ನಾನಿಳುದ್ರೆ ಓಡ್ಸೋರು ಯಾರವ್ವ?"

"ಇದು ಓಡ್ತಾ ಅದಾ ಈಗ? ಕಣ್ ಕಾಣಕಿಲ್ಲ ನಂಗೆ, ಆದ್ರೂ ನಿಂತೈತೆ ಅಂತ ಗೊತ್ತಾಯ್ತದೆ."

ದಾರಿಯ ಪಕ್ಕದ ಗದ್ದೆಯಲ್ಲಿದ್ದವರು ಬಂದು ನೂಕಿ ಎತ್ತಿದರು. ನೆಲ ಕೆರೆದ ಸೈಲೆನ್ಸರು ಊರು ಮುಟ್ಟುವವರೆಗೂ ಬಡಕೊಂಡಿತು. ಪಾಂಡವಪುರದಲ್ಲಿ ಇಳಿಯುವಾಗ ಇಡ್ಲಿಯಮ್ಮ ಸೊಂಟ ಹಿಡಿದುಕೊಂಡು ನನಗೆ ಒಂದು ಮಾತು ಹೇಳಿದಳು. "ಮಗಾ, ಬೈತಾವ್ಳೆ ಅನ್ಕಬ್ಯಾಡ. ನೀನು ಮುಂದ್ಗಡೆ ಕೂತಿರ್ತೀಯ, ನಿಂಗ್ ತಿಳೀಯಕಿಲ್ಲ. ಆ ಕಡೇ ಸೀಟ್ನಲ್ಲಿ ಒಂದ್ ಕೊಡ ನೀರಿಕ್ಕಿ ಓಡ್ಸಿ ನೋಡು. ಅರ್ಧ ಉಳಿದ್ರೆ ಆಮೇಕೆ ಮಾತಾಡು."

ಆಗ ನಾನದನ್ನು ಬೈಗುಳವೆಂದೇ ಕೇಳಿಸಿಕೊಂಡೆ.

ಡಾಕ್ಟರು ಅವಳ ಕಣ್ಣು ನೋಡಿ, ಪೊರೆ ಮಾಗಿ ಮುಗಿದಿದೆ, ತಡವಾದರೆ ಒಳಗೆ ಒತ್ತಡ ಏರಿ ಕಣ್ಣೇ ಹೋಗಬಹುದು ಎಂದರು. ಮುಂದಿನ ತಂಡದಲ್ಲೇ ಸೇರಿಸಬೇಕು. ಆದರೆ ಶಿಬಿರದ ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದು ಕಡ್ಡಿ ಮುರಿದಂತೆ ಹೇಳಿದರು. "ಆಪರೇಷನ್ ಆದವರಿಗೆ ಕುಲುಕಾಟ ಆಗಬಾರದು. ಹೊಲಿಗೆ ಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮನೆ ಬಾಗಿಲಿಗೆ ಅಲುಗಾಡದ ಹಾಗೆ ಬಿಡ್ತೀನಿ ಅಂದರೆ ಮಾತ್ರ ಆ ಊರಿನವರನ್ನು ತಗೊಳ್ಳೋಣ. ಇಲ್ಲದಿದ್ದರೆ ನಾಲೆ ನಿಂತ ಮೇಲೆ ನೋಡೋಣ."

ನಾಲೆ ನಿಲ್ಲುವುದಕ್ಕೆ ಇನ್ನೂ ತಿಂಗಳುಗಟ್ಟಲೆ ಇತ್ತು. "ಬಿಡ್ತೀನಿ ಸ್ವಾಮಿ, ಗಾಡಿ ಎತ್ತರ ಮಾಡಿಸ್ತೀನಿ" ಎಂದೆ. ಬಾಯಲ್ಲಿ ಮಾತು ಬಂದಾಗಿತ್ತು.

ಮೊದಲು ಮಾಡಿದ ಕೆಲಸ ಸರಿಯಾಗಿಯೇ ಇತ್ತು, ಅದನ್ನು ಹೇಳಿಬಿಡುತ್ತೇನೆ. ವ್ಯಾನನ್ನು ಸಮ ನೆಲದ ಮೇಲೆ ನಿಲ್ಲಿಸಿ, ಅಡಿಗೆ ಚಾಪೆ ಹಾಸಿ ಮಲಗಿ, ಒಂದು ಕಬ್ಬಿನ ಜಲ್ಲೆಯಲ್ಲಿ ಅಳೆದೆ. ಏನೇನು ನೆಲ ಕೆರೆಯುತ್ತಿದೆ ಎನ್ನುವುದು ಹೊಸ ಗಾಯ ನೋಡಿದರೆ ಗೊತ್ತಾಗುತ್ತದೆ. ಸೈಲೆನ್ಸರು, ಡೀಸೆಲ್ ಟ್ಯಾಂಕಿನ ಕೆಳ ಅಂಚು, ಎಂಜಿನ್ನಿನ ಆಯಿಲ್ ತೊಟ್ಟಿ, ಈ ಮೂರಕ್ಕೂ ಪೆಟ್ಟು ಬಿದ್ದಿತ್ತು. ಹಿಂದಿನ ಎರಡು ಚಕ್ರದ ನಡುವೆ ಗುಂಡಗಿರುವ ಹೌಸಿಂಗಿಗೆ ಮಣ್ಣು ಮೆತ್ತಿತ್ತು, ಪೆಟ್ಟಿರಲಿಲ್ಲ. ಅದು ನನ್ನ ಪುಣ್ಯ. ಕಮಾನು ಎಷ್ಟೇ ಎತ್ತಿದರೂ ಹೌಸಿಂಗು ಒಂದು ಕೂದಲಷ್ಟೂ ಮೇಲೇಳುವುದಿಲ್ಲ, ಅದು ಚಕ್ರದ ಜೊತೆಗೇ ಇರುತ್ತದೆ. ಅದನ್ನು ಎತ್ತಲು ದೊಡ್ಡ ಟೈರೇ ಬೇಕು. ಎಷ್ಟೋ ಜನ ಇದನ್ನು ನೋಡದೆ ಕಮಾನಿಗೆ ದುಡ್ಡು ಸುರಿಯುತ್ತಾರೆ.

ಶ್ರೀರಂಗಪಟ್ಟಣದಲ್ಲಿ ಲಾರಿಗಳ ಕಮಾನು ಕಟ್ಟುವ ಒಬ್ಬ ಸಾಹೇಬರಿದ್ದರು. ಕುಲುಮೆಯ ಪಕ್ಕದಲ್ಲಿ ಹಳೆಯ ಪಟ್ಟೆಗಳ ರಾಶಿ. ಮಾತಿನಲ್ಲಿ ನನಗೇನೂ ಕಡಿಮೆ ಇಲ್ಲದ ಮನುಷ್ಯ.

"ಎಷ್ಟು ಎತ್ಬೇಕು ಅಣ್ಣ?" ಎಂದರು.

"ಎಷ್ಟು ಎತ್ತಬಹುದು?"

"ದುಡ್ಡು ಕೊಟ್ರೆ ಕೋಟೆ ಗೋಡೆ ಸಮಕ್ಕೆ ಎತ್ತೀನಿ. ಗಾಡಿ ನಿಲ್ತದಾ ಅನ್ನೋದು ಅಲಗ್ ಬಾತ್."

ಕಡಿತದ ಆಳಕ್ಕೆ ಜಲ್ಲೆ ಇಳಿಸಿ ಅಳೆದಿದ್ದೆ. ನಾಲ್ಕು ಇಂಚು ಸಿಕ್ಕಿದರೆ ದಾಟಬಹುದು ಎಂದು ನನ್ನ ಲೆಕ್ಕ. ಸಾಹೇಬರು ಎರಡು ದಾರಿ ಹೇಳಿದರು. ಒಂದು, ವ್ಯಾನಿನದೇ ಪಟ್ಟೆಗಳನ್ನು ಬಿಚ್ಚಿ, ಕಾಯಿಸಿ, ಮತ್ತೆ ಬಾಗಿಸಿ, ಹದ ಹಾಕಿ, ಜೊತೆಗೆ ಅದೇ ದಪ್ಪದ ಹೊಸ ಪಟ್ಟೆ ಒಂದೊಂದು ಸೇರಿಸುವುದು. ಅದಕ್ಕೆ ದಿನ ಹಿಡಿಯುತ್ತದೆ, ಎರಡು ಇಂಚಿನ ಮೇಲೆ ಬರುವುದಿಲ್ಲ. ಇನ್ನೊಂದು, ಕಬ್ಬು ಸಾಗಿಸುವ ಟ್ರೈಲರಿನ ಹಳೆ ಪಟ್ಟೆ ಅವರ ಹತ್ತಿರ ಬೇಕಾದಷ್ಟಿತ್ತು. ಅದನ್ನು ತುಂಡು ಮಾಡಿ ಹಿಂದಿನ ಕಮಾನಿಗೆ ಎರಡೆರಡು ಸೇರಿಸಿ, ಕಮಾನಿಗೂ ಹೌಸಿಂಗಿಗೂ ನಡುವೆ ಕಬ್ಬಿಣದ ದಿಮ್ಮಿ ಕೂರಿಸಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ನಾಲ್ಕು ಇಂಚೂ ಸಿಗುತ್ತದೆ.

"ಟ್ರೈಲರ್ ಪಟ್ಟೆ ಸಾಯಲ್ಲ ಅಣ್ಣ. ನೀವು ಸತ್ರೂ ಅದು ಇರ್ತದೆ" ಎಂದರು.

ಅದಕ್ಕೆ ನಾನು ಒಪ್ಪಿದ್ದಲ್ಲದೆ ಚೌಕಾಸಿಗೂ ಇಳಿದೆ. ದಿಮ್ಮಿಗೆ ಕೊಯ್ಯುವ ಕಬ್ಬಿಣದ ತುಂಡು ಉದ್ದವಾಗಿತ್ತು. ಹಿಂದಕ್ಕೆ ಎರಡು ಕೊಯ್ದ ಮೇಲೆ ಇನ್ನೂ ಅಷ್ಟೇ ಉದ್ದ ಮಿಗುತ್ತಿತ್ತು. "ಮಿಕ್ಕಿದ್ದು ನಿಮಗೆ ಯಾಕೆ, ಅದರಲ್ಲೂ ಎರಡು ಮಾಡಿ ಮುಂದಕ್ಕೂ ಕೂರಿಸಿ. ಅದಕ್ಕೆ ಬೇರೆ ದುಡ್ಡು ಕೊಡೋದಿಲ್ಲ" ಎಂದೆ. ಸಾಹೇಬರು ತಲೆ ಕೆರೆದುಕೊಂಡರು. "ಮುಂದೆ ದಿಮ್ಮಿ ನಾನು ಹಾಕಿಲ್ಲ ಇಷ್ಟು ದಿವಸ" ಎಂದರು. "ಹಾಕಿ ನೋಡಿ, ಕಲಿತಂಗೂ ಆಯ್ತು" ಎಂದೆ. ಚೌಕಾಸಿಯಲ್ಲಿ ಗೆದ್ದ ವಸ್ತು ಬೇಕೋ ಬೇಡವೋ ಎಂದು ಆ ಹೊತ್ತಿನಲ್ಲಿ ಯಾರೂ ಕೇಳಿಕೊಳ್ಳುವುದಿಲ್ಲ.

ವ್ಯಾನು ನಾಲ್ಕೂವರೆ ಇಂಚು ಎದ್ದಿತು. ಬಾಮೈದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಭಾವ, ಜೀಪಾಗೋಯ್ತು ಕಣ್ರೀ ಇದು" ಎಂದ.

"ಜೀಪು ಅಂದ್ರೆ ಮುಂದ್ಲ ಚಕ್ರನೂ ಎಳೀಬೇಕು ಕಣ್ಲಾ. ಇದು ಎತ್ರದ ವ್ಯಾನು, ಅಷ್ಟೇ."

"ನೋಡೋರ್ಗೆ ಗೊತ್ತಾಯ್ತದಾ ಅದು?"

ಕಿಕ್ಕೇರಿ ದಾರಿಗೆ ಖಾಲಿ ಹೋದೆವು. ಮೊದಲ ಕಡಿತ ದಾಟಿತು, ಎರಡನೆಯದೂ ದಾಟಿತು. ಮೂರನೆಯದು, ಒಬ್ಬ ಗೌಡರ ಗದ್ದೆಯ ಎದುರಿನದು, ಎಲ್ಲಕ್ಕಿಂತ ಆಳ. ಆ ದಿನ ಅಲ್ಲಿ ನೀರು ಹರಿಯುತ್ತಿತ್ತು. ಮುಂಚಕ್ರ ಇಳಿದು ಏರಿತು, ಹೊಟ್ಟೆ ತಾಗಲಿಲ್ಲ. ಹಿಂಚಕ್ರ ಇಳಿದದ್ದು ಮಾತ್ರ ಇಳಿದಲ್ಲೇ ಸುತ್ತತೊಡಗಿತು. ಖಾಲಿ ವ್ಯಾನಿನ ಹಿಂಭಾಗ ಹಗುರ, ಕೆಳಗೆ ಕೆಸರು, ಎಳೆಯುವುದು ಆ ಎರಡೇ ಚಕ್ರ. ಗದ್ದೆ ಅಂಚಿನಲ್ಲಿ ಕೂತಿದ್ದ ಗೌಡರು ಎದ್ದು ಬಂದರು.

"ಏನಯ್ಯಾ, ವಾದ್ಸಲ ಕೂತ್ಕಂಡು ಸಿಕ್ಕಾಕಂಡಿತ್ತು. ಈಗ ನಿಂತ್ಕಂಡು ಸಿಕ್ಕಾಕಂಡದೆ."

ಅವರ ಎತ್ತುಗಳೇ ಎಳೆದು ಹಾಕಿದವು. ಎತ್ತರ ಎನ್ನುವುದು ಅಡ್ಡ ಬಂದದ್ದನ್ನು ದಾಟಿಸುತ್ತದೆ, ಎಳೆಯುವ ಬಲ ಕೊಡುವುದಿಲ್ಲ. ಇದು ನನಗೆ ಬಾಯಲ್ಲಿ ಗೊತ್ತಿತ್ತು, ಆ ದಿನ ಕಣ್ಣಲ್ಲಿ ಗೊತ್ತಾಯಿತು.

ಬರುವಾಗ ಕಿಕ್ಕೇರಿಯಲ್ಲಿ ಕಾಫಿಗೆ ನಿಂತಾಗ ಹೋಟೆಲಿನ ಬಾಗಿಲಲ್ಲಿ ನೀರಿನ ಕೊಡ ಕಂಡಿತು. ಇಡ್ಲಿಯಮ್ಮನ ಮಾತು ನೆನಪಾಯಿತು. ಕೊಡವನ್ನು ಕೇಳಿ ಪಡೆದು, ಕಂಠದವರೆಗೆ ನೀರು ತುಂಬಿ, ಕಡೇ ಸೀಟಿಗೆ ಹಗ್ಗದಲ್ಲಿ ಕಟ್ಟಿ, ಅದೇ ಒಳದಾರಿಯಲ್ಲಿ ಮೊದಲ ಕಡಿತದವರೆಗೆ ನಿಧಾನ ಹೋಗಿ ತಿರುಗಿ ಬಂದೆವು. ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು. ಸೀಟು, ನೆಲ, ಎಲ್ಲ ತೊಯ್ದಿತ್ತು. ಟ್ರೈಲರಿನ ಪಟ್ಟೆ ಟನ್ನುಗಟ್ಟಲೆ ಕಬ್ಬು ಹೇರಿದರೆ ಬಗ್ಗುವಂಥದ್ದು. ಏಳೆಂಟು ಜನ ಮುದುಕರ ಭಾರಕ್ಕೆ ಅದು ಯಾಕೆ ಬಗ್ಗುತ್ತದೆ? ಬಗ್ಗದ ಕಮಾನು ಕಮಾನೇ ಅಲ್ಲ, ತೊಲೆ.

"ಭಾವ, ಸಾಯಕಿಲ್ಲ ಅಂದಿದ್ರಲ್ಲ ಸಾಹೇಬ್ರು, ದಿಟವೇ. ಕೂತೋರು ಸಾಯ್ತಾರೆ" ಎಂದ ಬಾಮೈದ.

ಜನರ ಭಾರ ಬಿದ್ದರೆ ಸ್ವಲ್ಪ ಮೆತ್ತಗಾಗಬಹುದು ಎನ್ನುವ ಆಸೆ ಇನ್ನೂ ಇತ್ತು. ಮಾರನೆಯ ದಿನ ರಾಗಿ ಮೂಟೆಗಳನ್ನು ಸೀಟುಗಳ ಮೇಲೆ ಕೂರಿಸಿ ಕಟ್ಟಿದೆವು. ನೆಲದ ಮೇಲಲ್ಲ, ಸೀಟಿನ ಮೇಲೆ. ಮನುಷ್ಯರ ಭಾರ ಇರುವುದು ಅಲ್ಲೇ. ಪರೀಕ್ಷೆಗೆ ಮೇಲುಕೋಟೆ ಬೆಟ್ಟದ ರಸ್ತೆ ಆರಿಸಿದೆ. ಟಾರು ರಸ್ತೆ, ಒಳ್ಳೆಯ ತಿರುವುಗಳು, ಇಳಿಜಾರು. ಕಡಿತದಲ್ಲಿ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ.

ಏರುವಾಗ ಶಾಫ್ಟು ಕೂಗುತ್ತಿತ್ತು. ಎಂಜಿನ್ನಿನಿಂದ ಹಿಂಚಕ್ರಕ್ಕೆ ಬಲ ಒಯ್ಯುವ ಉದ್ದನೆಯ ಶಾಫ್ಟು ಮೊದಲಿಗಿಂತ ಹೆಚ್ಚು ಓರೆಯಾಗಿತ್ತು. ಇಳಿಯುವಾಗ ಮೊದಲ ತಿರುವಿನಲ್ಲೇ ವ್ಯಾನು ಹೊರಕ್ಕೆ ವಾಲಿ, ವಾಲಿದ್ದು ಬೇಗ ಹಿಂದಕ್ಕೆ ಬರಲಿಲ್ಲ. "ನಿಧಾನ" ಎಂದೆ. ಬಾಮೈದ ಬ್ರೇಕು ತುಳಿದ. ಮುಂದೆ ಎಲ್ಲೋ ಟಕ್ ಎಂದಿತು. ಸ್ಟಿಯರಿಂಗು ತನ್ನಷ್ಟಕ್ಕೆ ತಾನೇ ಎಡಕ್ಕೆ ಎಳೆಯಿತು. ಅವನು ಎರಡೂ ಕೈಯಲ್ಲಿ ಬಲಕ್ಕೆ ಎಳೆದು ಹಿಡಿದ. ಹಿಡಿತಕ್ಕೆ ಸಿಗಲಿಲ್ಲ. ಎಡಗಡೆ ಬೆಟ್ಟದ ಮಣ್ಣಿನ ದಿಬ್ಬ ಇತ್ತು. ವ್ಯಾನು ಅದಕ್ಕೆ ಭುಜ ಕೊಟ್ಟು ನಿಂತಿತು. ಮುಂದಿನ ಸಾಲಿನ ಮೂಟೆ ಹಗ್ಗ ಕಿತ್ತುಕೊಂಡು ನಮ್ಮಿಬ್ಬರ ನಡುವೆ ಬಂದು ಕೂತಿತ್ತು.

ಬಲಗಡೆಯ ಪ್ರಪಾತವನ್ನು ಇಬ್ಬರೂ ನೋಡಿದೆವು.

ಚಕ್ರಕ್ಕೆ ಕಲ್ಲು ಕೊಟ್ಟು ಅಡಿಗೆ ಮಲಗಿ ನೋಡಿದೆ. ಎಡ ಮುಂಭಾಗದ ದಿಮ್ಮಿ ಒಂದು ಬೆರಳು ಜರುಗಿ, ಕಮಾನಿನ ನಡುವಿನ ಬೋಲ್ಟು ಕತ್ತರಿಸಿಹೋಗಿತ್ತು. ಬ್ರೇಕು ಹಾಕಿದಾಗ ಮುಂಚಕ್ರಗಳನ್ನು ಹೊತ್ತ ಅಚ್ಚಿಗೆ ತಿರುಚುವ ಒತ್ತಡ ಬೀಳುತ್ತದೆ. ನಡುವೆ ದಿಮ್ಮಿ ಇದ್ದರೆ ಆ ಒತ್ತಡಕ್ಕೆ ಸನ್ನೆಕೋಲು ಸಿಕ್ಕಿದ ಹಾಗೆ. ನಾನು ಪುಕ್ಕಟೆ ಗೆದ್ದ ದಿಮ್ಮಿ ಅದೇ. ಹಿಂದಕ್ಕೆ ಹೋಗಿ ನೋಡಿದರೆ, ಬ್ರೇಕಿನ ರಬ್ಬರ್ ಪೈಪು ವೀಣೆ ತಂತಿಯಂತೆ ಬಿಗಿದಿತ್ತು. ಗಾಡಿ ಮೇಲೆದ್ದರೂ ಪೈಪಿನ ಉದ್ದ ಹಳೆಯದೇ. ಕೊನೆಯಲ್ಲಿ ಎಣ್ಣೆ ಬೆವರುತ್ತಿತ್ತು. ಇನ್ನೊಂದು ಆಳದ ಹಳ್ಳಕ್ಕೆ ಹಿಂಚಕ್ರ ಜೋತುಬಿದ್ದಿದ್ದರೆ ಅದು ಕಿತ್ತು ಬರುತ್ತಿತ್ತು.

ಬಾಮೈದ ದಿಬ್ಬದ ಮೇಲೆ ಕೂತು ಬೀಡಿ ಹಚ್ಚಿದ. "ಬೋಲ್ಟು ದಪ್ಪಂದು ಆಕ್ಸಿ, ಪೈಪು ಉದ್ದದ್ದು ಆಕ್ಸಿ ಭಾವ. ಎತ್ರ ಇಳುಸ್ಬೇಡಿ. ಅಷ್ಟು ದುಡ್ಡು ಇಕ್ಕಿದೀರ."

ನಾನು ಒಳಗೆ ಹೋಗಿ ಮೂಟೆ ನೋಡಿದೆ. ಕಡೇ ಸೀಟಿನ ಮೂಟೆ ಒಡೆದು ರಾಗಿ ಚೆಲ್ಲಿತ್ತು. ಅದು ಇಡ್ಲಿಯಮ್ಮ ಕೂತಿದ್ದ ಜಾಗ.

"ಇಳುಸೋದೇ" ಎಂದೆ. "ಒಂದ್ ಬೋಲ್ಟೂ ಬಿಡ್ದಂಗೆ ಬಿಚ್ಚೋದು. ಎರಡಿಂಚು ಸಾಕು."

"ಎರಡಿಂಚಲ್ಲಿ ಗೌಡನ ಕಡಿತ ದಾಟಕಿಲ್ಲ."

"ಗಾಡಿ ದಾಟ್ದೆ ಇದ್ರೆ ಕಡಿತವ ಸರಿ ಮಾಡೋದು."

"ಕಡಿತ ನಿಮ್ದಾ?"

"ನಂದಲ್ಲ. ಅದ್ಕೇ ಕೇಳ್ಬೇಕು."

ನನಗೆ ಅದುವರೆಗೆ ಹೊಳೆಯದಿದ್ದ ವಿಚಾರ ಇಷ್ಟೇ. ದಾರಿಯ ಆಳವೂ ವ್ಯಾನಿನ ಎತ್ತರವೂ ಒಂದೇ ಲೆಕ್ಕದ ಎರಡು ತುದಿ. ಒಂದೇ ತುದಿ ಹಿಡಿದು ಎಳೆದರೆ ಯಾವುದಾದರೂ ಕಿತ್ತುಬರುತ್ತದೆ.

ಕಬ್ಬಿಣದ ಜೊತೆ ಮಾತಾಡಿ ನನಗೆ ಅಭ್ಯಾಸವಿಲ್ಲ, ಮನುಷ್ಯರ ಜೊತೆ ಮಾತಾಡಿ ಇದೆ. ಮೊದಲೆರಡು ಕಡಿತದವರು ಸಿಮೆಂಟು ಪೈಪು ಹೂಳಲು ಒಪ್ಪಿದರು. ಅವರದು ಸಣ್ಣ ಕಡಿತ, ಸ್ವಲ್ಪ ನೀರು. ಗೌಡರು ಒಪ್ಪಲಿಲ್ಲ. ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕಾರಣ ಹೇಳಿದರು.

"ಪೈಪು ಬ್ಯಾಡ ಕಣಯ್ಯ. ನನ್ ಸರದಿ ಇರೋದೇ ಒಂದ್ ಒಪ್ಪತ್ತು. ತರಗು ಬಂದು ಪೈಪೊಳಿಕ್ಕೆ ಕಟ್ಕಂಡ್ರೆ ಒಳಗಡೆ ಏನಾಗದೆ ಅಂತ ಯಾರಿಗ್ ಕಾಣ್ತದೆ? ನಾನು ಕಡ್ಡಿ ಇಟ್ಕಂಡು ತಿವೀತಾ ಇರೋವೊತ್ಗೆ ಸರದಿ ಮುಗ್ದೋಯ್ತದೆ. ಕಣ್ಣಿಗ್ ಕಾಣೋ ನೀರೇ ನೀರು."

ಮಾತು ಸರಿಯಾಗಿತ್ತು. ಸರಿಯಾದ ಮಾತಿಗೆ ಎದುರು ಚೌಕಾಸಿ ಮಾಡಬಾರದು, ಬೇರೆ ಸರಕು ತೋರಿಸಬೇಕು. "ಮುಚ್ಚೋದೇ ಬೇಡ ಗೌಡ್ರೇ. ಚಕ್ರ ಓಡೋ ಜಾಗಕ್ಕೆ ಮಾತ್ರ ಎರಡು ಕಡೆ ಚಪ್ಪಡಿ ಹಾಸೋಣ. ನಡುವೆ ತೆರೆದೇ ಇರ್ತದೆ. ಕಟ್ಕೊಂಡ್ರೆ ನಿಂತಲ್ಲೇ ಕಾಣ್ತದೆ, ಕೈ ಹಾಕಿ ತೆಗೀಬಹುದು" ಎಂದೆ.

"ನಿನ್ ವ್ಯಾನಿನ ಅಗ್ಲಕ್ಕೆ ಹಾಸ್ತೀಯ. ನನ್ ಗಾಡಿ ಚಕ್ರ ಎಲ್ಲೋಗ್ಬೇಕು?"

"ಎರಡಕ್ಕೂ ಆಗೋ ಅಗಲದ್ದು ತರ್ತೀನಿ."

"ಆಮೇಲೆ ಕಲ್ಲು ಯಾರ್ದು?"

"ನಿಮ್ದೇ. ನನ್ನ ಕೆಲಸ ಮುಗಿದ ಮೇಲೆ ಬಟ್ಟೆ ಒಗೆಯೋಕೆ ಹಾಕ್ಕೊಳ್ಳಿ."

ಗೌಡರು ಉಗುಳಿ ಬಂದರು. ಆದರೂ ಹೂಂ ಎನ್ನಲಿಲ್ಲ. ಇನ್ನೇನೋ ಬೇಕಿದೆ ಎಂದು ಗೊತ್ತಾಯಿತು. ಇಂಥ ಹೊತ್ತಿನಲ್ಲಿ ನಾವೇ ಬಾಯಿ ಹಾಕಬಾರದು.

"ನಿನ್ ವ್ಯಾನಿಂದ ಟ್ರೈಲರ್ ಪಟ್ಟೆ ಬಿಚ್ತಾ ಇದೀಯಂತೆ" ಎಂದರು ಕೊನೆಗೆ.

ಬಾಮೈದ ಊರೆಲ್ಲ ಹೇಳಿಕೊಂಡು ಬಂದಿದ್ದ. ಕಮಾನು ಪಟ್ಟೆಯ ಉಕ್ಕಿನಲ್ಲಿ ಬಡಿದ ಮಚ್ಚಿನ ಮುಂದೆ ಬೇರೆ ಮಚ್ಚು ಇಲ್ಲ. ಕಬ್ಬು ಕಡಿಯುವ ಕಾಲ ಹತ್ತಿರ ಬರುತ್ತಿತ್ತು. ಗೌಡರ ಕಣ್ಣು ಇದ್ದದ್ದು ಚಪ್ಪಡಿಯ ಮೇಲಲ್ಲ, ನಾನು ಗುಜರಿ ಎಂದುಕೊಂಡಿದ್ದ ನಾಲ್ಕು ಪಟ್ಟೆಗಳ ಮೇಲೆ.

"ನಾಲ್ಕೂ ನಿಮಗೇ. ಆದ್ರೆ ಕಲ್ಲು ಕೂರಿಸೋಕೆ ನಿಮ್ಮ ಕಡೆ ಆಳು."

"ಆಳ್ಯಾಕೆ, ನಾನೇ ನಿಂತ್ಕಂಡ್ ಕೂರುಸ್ತೀನಿ. ನೀನ್ ಕೂರ್ಸುದ್ರೆ ನಿನ್ ವ್ಯಾನಿನಂಗೇ ವಾಲ್ತದೆ."

ಚಪ್ಪಡಿಯನ್ನು ನಾಗಮಂಗಲದ ಕಡೆಯ ಒಂದು ಕಲ್ಲುಕುಟಿಗರ ಬಂಡೆಯಿಂದ ತಂದೆ. ದಪ್ಪದ್ದನ್ನೇ ಆರಿಸಿದೆ. ತೆಳ್ಳನೆಯದು ಬೆಲೆ ಕಡಿಮೆ, ಕಬ್ಬಿನ ಟ್ರೈಲರು ಒಂದು ಸಲ ಹತ್ತಿದರೆ ಹೋಳು.

ಇತ್ತ ಸಾಹೇಬರ ಕುಲುಮೆಯಲ್ಲಿ ಎರಡನೇ ಸಲದ ಕೆಲಸ. ಮೇಲುಕೋಟೆಯ ಕಥೆ ಕೇಳಿ ಅವರು ಕತ್ತರಿಸಿದ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ, "ಮುಂದಿನ ದಿಮ್ಮಿಗೆ ದುಡ್ಡು ತಗೊಂಡಿಲ್ಲ ನಾನು, ಅದಕ್ಕೇ ಅದು ನಿಯತ್ತು ತೋರಿಸಿಲ್ಲ" ಎಂದರು. ನಾನೂ ನಕ್ಕೆ. ಈ ಸಲ ಬೆಲೆಯ ಮಾತು ಎತ್ತಲಿಲ್ಲ, ಪಕ್ಕದಲ್ಲಿ ನಿಂತು ನೋಡಿದೆ.

ವ್ಯಾನಿನದೇ ಪಟ್ಟೆಗಳನ್ನು ಬಿಡಿಸಿ, ಬಿರುಕು ಇದ್ದ ಒಂದನ್ನು ಎಸೆದು, ಉಳಿದವನ್ನು ಕಾಯಿಸಿ ಬಾಗಿಸಿದರು. ಎಡದ್ದಕ್ಕೂ ಬಲದ್ದಕ್ಕೂ ಒಂದೇ ಬಾಗು ಬರಲೆಂದು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಅದರ ಮೇಲಿಟ್ಟು ನೋಡುತ್ತಿದ್ದರು. ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಆರಲು ಬಿಟ್ಟರು. ಹದ ತಪ್ಪಿದರೆ ಪಟ್ಟೆ ಒಂದೋ ಮುರಿಯುತ್ತದೆ, ಇಲ್ಲ ತಿಂಗಳಲ್ಲಿ ಮಲಗುತ್ತದೆ. ಪ್ರತಿ ಕಟ್ಟಿಗೂ ಅದೇ ದಪ್ಪದ ಹೊಸ ಪಟ್ಟೆ ಒಂದೊಂದೇ ಸೇರಿತು. ದಿಮ್ಮಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಶಾಫ್ಟಿನ ಓರೆ ಸರಿಹೋಗಲು ಹೌಸಿಂಗಿನ ಮೇಲೆ ತೆಳ್ಳನೆಯ ಉಕ್ಕಿನ ಬೆಣೆ ಕೊಟ್ಟು ಮೂತಿಯನ್ನು ಸ್ವಲ್ಪ ತಿರುಗಿಸಿದರು, ಕೂಗು ನಿಂತಿತು. ಕಮಾನನ್ನು ಅಚ್ಚಿಗೆ ಬಿಗಿಯುವ ಯು ಬೋಲ್ಟುಗಳು ಎಲ್ಲವೂ ಹೊಸವು. ಒಮ್ಮೆ ಬಿಗಿದು ಬಿಚ್ಚಿದ ಯು ಬೋಲ್ಟು ಹಿಗ್ಗಿರುತ್ತದೆ. ಬ್ರೇಕಿನ ಪೈಪು ಉದ್ದನೆಯದು ಹಾಕಿಸಿದೆ. ಹಿಂಭಾಗವನ್ನು ಜಾಕಿನಲ್ಲಿ ಎತ್ತಿ ಚಕ್ರ ಪೂರ್ತಿ ಜೋತುಬಿಟ್ಟಾಗಲೂ ಅದು ಸಡಿಲವಾಗಿರಬೇಕು, ಸ್ಟಿಯರಿಂಗು ಎರಡೂ ಕಡೆ ತಿರುಗಿಸಿದಾಗ ಮುಂದಿನ ಪೈಪು ಚಕ್ರಕ್ಕೆ ಉಜ್ಜಬಾರದು. ಶಾಕ್ ಅಬ್ಸಾರ್ಬರಿನ ಹಿಡಿಗಳನ್ನು ಎತ್ತರಕ್ಕೆ ತಕ್ಕಂತೆ ಸರಿಸಿದೆವು. ಸೈಲೆನ್ಸರನ್ನು ಮೇಲಕ್ಕೆ ಒತ್ತಿ ಕಟ್ಟಿಸಿದ್ದಕ್ಕೆ ಇನ್ನೊಂದು ಇಂಚು ಸಿಕ್ಕಿತು, ಅದೂ ಪುಡಿಗಾಸಿಗೆ. ಅದನ್ನು ಮೊದಲೇ ಮಾಡಬಹುದಿತ್ತು. ಮೇಲಿನ ಕ್ಯಾರಿಯರನ್ನು ಕಳಚಿ ಮನೆಯ ಹಿತ್ತಲಿಗೆ ಹಾಕಿದೆ. ಗಾಡಿ ಎತ್ತರವಾದ ಮೇಲೆ ತಲೆಯ ಮೇಲೆ ಭಾರ ಇರಬಾರದು.

ಮತ್ತೆ ರಾಗಿ ಮೂಟೆ, ಮತ್ತೆ ಮೇಲುಕೋಟೆ. ಬ್ರೇಕು ತುಳಿದರೆ ನೇರ ನಿಂತಿತು. ತಿರುವಿನಲ್ಲಿ ಹಳೆಯದಕ್ಕಿಂತ ಚೂರು ಹೆಚ್ಚು ವಾಲುತ್ತಿತ್ತು, ಅದನ್ನು ಇಲ್ಲವೆನ್ನಲಾರೆ. ಅದಕ್ಕೆ ಮದ್ದು ಬಾಮೈದನ ಬಲಗಾಲು. ಬೆಟ್ಟ ಇಳಿದು ಬಂದು ಯು ಬೋಲ್ಟುಗಳನ್ನು ಮತ್ತೆ ಬಿಗಿದಾಗ ಎಲ್ಲವೂ ಒಂದೊಂದು ಸುತ್ತು ತೆಗೆದುಕೊಂಡವು. ಕಡೆಗೆ ಕಿಕ್ಕೇರಿ ಹೋಟೆಲಿನ ಕೊಡ. ಅದೇ ದಾರಿಯಲ್ಲಿ ಹೋಗಿ ಬಂದು ನೋಡಿದರೆ ನೀರು ಕಂಠದಿಂದ ನಾಲ್ಕು ಬೆರಳು ಇಳಿದಿತ್ತು, ಅಷ್ಟೇ.

ಇಡ್ಲಿಯಮ್ಮನನ್ನು ಆ ತಂಡದಲ್ಲಿ ಕರೆದೊಯ್ದೆವು. ಆಪರೇಷನ್ ಆಗಿ ಕೆಲವು ದಿನ ಅಲ್ಲೇ ಇರಿಸಿಕೊಂಡು ಬಿಟ್ಟರು. ಕಣ್ಣಿಗೆ ಹಸಿರು ಬಟ್ಟೆ. ಇನ್ನೊಂದು ಕಣ್ಣು ಮೊದಲೇ ಇಲ್ಲ. ವಾಪಸು ಬರುವಾಗ ಅವಳ ಪಾಲಿಗೆ ಲೋಕ ಎಂದರೆ ಸದ್ದು ಮತ್ತು ಕುಲುಕಾಟ. ಕಡೇ ಸೀಟಿಗೆ ಹೋಗಲು ಕೈ ಚಾಚಿದಳು. ನಾನು ಹಿಡಿದು ನಡುವಿನ ಸಾಲಿಗೆ, ಎರಡು ಅಚ್ಚಿನ ಮಧ್ಯಕ್ಕೆ ಕೂರಿಸಿದೆ. ಎಲ್ಲಕ್ಕಿಂತ ಕಡಿಮೆ ಎಗರುವ ಜಾಗ ಅದೇ.

ಕಿಕ್ಕೇರಿ ದಾಟಿದೆವು. ಮೊದಲ ಎರಡು ಕಡಿತ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಗೌಡರ ಕಡಿತದಲ್ಲಿ ನೀರು ತುಂಬಿ ಹರಿಯುತ್ತಿತ್ತು, ಅವರ ಸರದಿಯ ದಿನ. ಚಪ್ಪಡಿಯ ಮೇಲೂ ಒಂದು ಪದರ ನೀರು, ಕಲ್ಲಿನ ಅಂಚು ಕಾಣುತ್ತಿರಲಿಲ್ಲ. ಬಾಮೈದ ಗೇರು ಬದಲಿಸಲು ಹೋದ. ನಿಲ್ಲಿಸು ಎಂದು ಇಳಿದೆ. ಪಂಚೆ ಎತ್ತಿ ಕಟ್ಟಿ, ಕಾಲಲ್ಲಿ ಕಲ್ಲು ತಡವುತ್ತಾ ಮುಂದೆ ನಡೆದೆ. ಅತ್ತ ಗದ್ದೆಯಿಂದ ಗೌಡರೂ ಗುದ್ದಲಿ ಹಿಡಿದು ಬಂದು ಇನ್ನೊಂದು ಚಪ್ಪಡಿಯ ಅಂಚಿನಲ್ಲಿ ಗೂಟದ ಹಾಗೆ ನಿಂತರು.

"ನನ್ ನೇರಕ್ಕೆ ಬುಡ್ಲಾ" ಎಂದರು ಬಾಮೈದನಿಗೆ.

"ಕಾಲ್ಮೇಲೆ ಅತ್ತಿಸ್ಬುಟ್ರೆ ಗೌಡ್ರೇ?"

"ಅತ್ಸು. ಕಾಲು ಓದ್ರೆ ನಿನ್ ಭಾವುಂದು ವ್ಯಾನು ನಂದಾಯ್ತದೆ."

ನಡೆಯುವ ವೇಗದಲ್ಲಿ ವ್ಯಾನು ನಮ್ಮಿಬ್ಬರ ನಡುವೆ ಬಂತು. ಮುಂಚಕ್ರ ಏರಿತು, ಇಳಿಯಿತು. ಹಿಂಚಕ್ರ ಏರಿತು, ಇಳಿಯಿತು. ನಾನು ಕಿಟಕಿಯಲ್ಲಿ ನೋಡಿದೆ. ಇಡ್ಲಿಯಮ್ಮ ಎರಡೂ ಕೈಯಲ್ಲಿ ಮುಂದಿನ ಸೀಟಿನ ಸರಳು ಹಿಡಿದಿದ್ದಳು.

"ಇನ್ನೆಷ್ಟು ದೂರಪ್ಪಾ ಗೌಡನ್ ಗುಂಡಿ?" ಎಂದಳು.

"ದಾಟಾಯ್ತವ್ವ."

"ಸುಳ್ಳೇಳ್ಬೇಡ."

"ದಾಟಾಯ್ತು ಕಣಮ್ಮೋ, ನಾನೇ ಗೌಡ" ಎಂದರು ಗೌಡರು ಹೊರಗಿನಿಂದ. "ಇಡ್ಲಿ ಅಂಗ್ಡಿ ಬಾಗಿಲು ಯಾವಾಗ ತೆಗೀತೀಯ ಅದ ಏಳು."

ಅವಳು ಸರಳು ಬಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಬಟ್ಟೆ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಬಂದ ಮೇಲೆ, ಬೇರೆಯವರನ್ನು ಕರೆದೊಯ್ಯಲು ಆ ಊರಿಗೆ ಹೋಗಿದ್ದೆ. ಅಂಗಡಿ ತೆರೆದಿತ್ತು. ಇಡ್ಲಿ ತಟ್ಟೆ ಇಟ್ಟು ಹೊರಗೆ ಬಂದು, ಮೊದಲ ಸಲ ನನ್ನನ್ನೂ ವ್ಯಾನನ್ನೂ ಕಣ್ಣಿಟ್ಟು ನೋಡಿದಳು. ಸುತ್ತ ಬಂದಳು. ಬಗ್ಗಬಾರದು ಎಂದಿದ್ದರು, ಆದರೂ ಕೊಂಚ ಬಗ್ಗಿ ಅಡಿಗೂ ಇಣುಕಿದಳು.

"ಎತ್ರ ಮಾಡುಸ್ದೆ ಎತ್ರ ಮಾಡುಸ್ದೆ ಅಂತಿದ್ಯಲ್ಲ ಮಗಾ, ಎಲ್ಲದೆ? ಎಲ್ಲಾ ವ್ಯಾನಿನಂಗೇ ಅದೆ. ಯಾರೋ ನಿಂಗೆ ಟೋಪಿ ಹಾಕವ್ರೆ."

ನಾನು ಇಡ್ಲಿ ತಿಂದೆ. ಅವಳು ದುಡ್ಡು ಬೇಡವೆಂದಳು, ನಾನು ಕೊಟ್ಟೇ ಬಂದೆ.

ಈಗ ವ್ಯಾನು ಎತ್ತಿಸಬೇಕು ಎಂದುಕೊಂಡಿರುವ ನಿಮಗೆ. ಮೊದಲು ಅಡಿಗೆ ಮಲಗಿ ಏನು ತಾಗುತ್ತಿದೆ ನೋಡಿ. ಸೈಲೆನ್ಸರು ಒತ್ತಿ ಕಟ್ಟಿದರೆ ಮುಗಿಯುವ ಕೆಲಸವಿರಬಹುದು. ಎರಡು ಚಕ್ರ ಎಳೆಯುವ ಗಾಡಿ ಎಷ್ಟು ಎತ್ತಿದರೂ ಕೆಸರಿನಲ್ಲಿ ಎರಡೇ ಚಕ್ರದ್ದು, ಅದನ್ನು ಮರೆಯಬೇಡಿ. ಮುಂದಿನ ಅಚ್ಚಿಗೆ ದಿಮ್ಮಿ ಪುಕ್ಕಟೆ ಕೊಟ್ಟರೂ ಬೇಡ. ಬ್ರೇಕಿನ ಪೈಪನ್ನು ಚಕ್ರ ಜೋತುಬಿಟ್ಟು ನೋಡದೆ ಕುಲುಮೆ ಬಿಟ್ಟು ಹೊರಡಬೇಡಿ, ನೂರು ಮೈಲಿ ಓಡಿದ ಮೇಲೆ ಬೋಲ್ಟು ಮತ್ತೆ ಬಿಗಿಸಿ, ಹೆಡ್‌ಲೈಟು ತಗ್ಗಿಸಿ. ಮಾರ್ಪಾಡಿಗೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು, ಅದನ್ನು ಮೊದಲೇ ಕೇಳಿಕೊಳ್ಳಿ. ಪರೀಕ್ಷೆಗೆ ಮನುಷ್ಯರನ್ನು ಕೂರಿಸಬೇಡಿ, ಮೂಟೆ ಕೂರಿಸಿ. ಕಡೇ ಸೀಟಿನಲ್ಲಿ ಒಂದು ಕೊಡ ನೀರು ಇಡಿ. ದಾರಿಯಲ್ಲಿ ಯಾರದಾದರೂ ಕಡಿತವಿದ್ದರೆ ಕುಲುಮೆಗೆ ಹೋಗುವ ಮೊದಲು ಅವರ ಬದುವಿನ ಮೇಲೆ ಹೋಗಿ ಕೂತು ಮಾತಾಡಿ. ಎಲ್ಲ ಮುಗಿದ ಮೇಲೆ ನೋಡಿದವರು ಯಾರಾದರೂ ನಿಮ್ಮ ಗಾಡಿ ಎಷ್ಟು ಎತ್ತರವಾಗಿದೆ ಎಂದು ಹೊಗಳಿದರೆ, ಅವತ್ತೇ ಹೋಗಿ ಇಳಿಸಿಕೊಂಡು ಬನ್ನಿ.